ಮನೆಯವರ ಸಹಿ

ಹೋದ ತಿಂಗಳು ರಾಣೆಬೆನ್ನೂರಿನಲ್ಲಿ ನನ್ನ ಷಡ್ಡಕನ ಮಗಳ ಮದುವೆ ಇತ್ತು. ಹಲಗೇರಿ ರಸ್ತೆಗೆ ಹೊಸದಾಗಿ ಆಗಿರುವ ಕಲ್ಯಾಣ ಮಂಟಪ. ಗೋದಿ ಹುಗ್ಗಿ ಉಂಡು, ಕೈ ತೊಳೆಯಲೆಂದು ಹಿಂಬದಿಗೆ ಹೋದೆ. ಆಗಷ್ಟೇ ಫಿನಾಯಿಲ್ ಹಾಕಿ ನೆಲ ಒರೆಸಿದ್ದರು. ಅದರ ಮೇಲೆ ಯಾರೋ ಮಜ್ಜಿಗೆ ಚೆಲ್ಲಿದ್ದರು. ಆ ಎರಡೂ ವಾಸನೆ ಕೂಡಿ ಮೂಗಿಗೆ ಬಡಿದವು ನೋಡಿ, ನಾನು ನಳ ಬಿಟ್ಟು ಹಾಗೇ ನಿಂತೆ. ತಲೆ ಎತ್ತಿದರೆ ಬಣ್ಣದ ದೀಪ, ಹೊಸ ಛತ್ತು. ಆದರೆ ಆಳೆತ್ತರಕ್ಕೂ ಮೇಲಿದ್ದ ಆ ಸಣ್ಣ ಕಿಟಕಿಗಳನ್ನು ಮಾತ್ರ ಯಾರೂ ಬದಲಿಸಿರಲಿಲ್ಲ. ಒಂದು ಕಾಲಕ್ಕೆ ಹತ್ತಿಯ ಗೋದಾಮಾಗಿದ್ದು, ಆಮೇಲೆ ಕುಡಿತ ಬಿಡಿಸುವ ಕೇಂದ್ರವಾಗಿದ್ದ ಕಟ್ಟಡದಲ್ಲಿ ಕೂತು ನಾನು ಹುಗ್ಗಿ ಉಂಡಿದ್ದೆ. "ಯಾಕ ಮಾವಾರ, ನೀರು ಬರವಲ್ವೇನು?" ಎಂದು ಹಿಂದಿನಿಂದ ಯಾರೋ ಕೇಳಿದರು. ಬರ್ತಾವ ಎಂದು ಸರಿದುಕೊಂಡೆ. ಆಮೇಲೆ ಎಲೆಯಡಿಕೆ ಹಾಕಿಕೊಳ್ಳುವ ಮನಸ್ಸೂ ಆಗಲಿಲ್ಲ.

ಅದು ರಾಜ್ಯದಲ್ಲಿ ಸಾರಾಯಿ ನಿಂತ ಮರುವರ್ಷ. ಹಿಂದಿನ ವರ್ಷದ ಕಾರಹುಣ್ಣಿಮೆ ಹೊತ್ತಿಗೆ ಪ್ಯಾಕೆಟ್ ಸಾರಾಯಿಯ ಅಂಗಡಿಗಳಿಗೆಲ್ಲ ಬೀಗ ಬಿತ್ತು. ಕುಡಿಯುವವರಲ್ಲಿ ಕೆಲವರು ಬೇರೆ ಬಾಟಲಿಗೆ ಹೊರಳಿದರು, ಕೆಲವರು ಇದೇ ನೆಪವಾಗಲಿ ಎಂದು ಬಿಡಲು ನೋಡಿದರು. ಬಿಡುವುದೆಂದರೆ ಅಂಗಿ ಕಳೆದು ಗೂಟಕ್ಕೆ ಹಾಕಿದಷ್ಟು ಸಲೀಸಲ್ಲ. ಕೈ ನಡುಗುತ್ತವೆ, ಬೆವರು ಕಿತ್ತು ಬರುತ್ತದೆ, ಇಲ್ಲದ ಹುಳ ಗೋಡೆಯ ಮೇಲೆ ಹರಿದಾಡುತ್ತವೆ, ಕೆಲವರ ಜೀವಕ್ಕೇ ಬರುತ್ತದೆ. ಇದನ್ನು ಕಂಡ ಜನ ಅಲ್ಲಲ್ಲಿ ಕೇಂದ್ರ ತೆರೆದರು. ಮಳೆಗೆ ಅಣಬೆ ಎದ್ದ ಹಾಗೆ ಎದ್ದವು. ಒಂದು ಖಾಲಿ ಗೋದಾಮು, ನಾಲ್ಕು ಮಂಚ, ಬಾಗಿಲಿಗೊಂದು ಬೋರ್ಡು. ಚಹಾದಂಗಡಿ ಇಡುತ್ತೇನೆಂದರೆ ಪುರಸಭೆಯವರು ಬಂದು ಲೈಸೆನ್ಸ್ ಎಲ್ಲಿ ಎನ್ನುತ್ತಿದ್ದರು. ಮನುಷ್ಯರನ್ನು ತಿಂಗಳುಗಟ್ಟಲೆ ಒಳಗಿಟ್ಟುಕೊಂಡವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಇದಕ್ಕೊಂದು ಕಾಯ್ದೆ ಬೇಕೆಂಬ ಮಾತು ಬೆಂಗಳೂರಿನಲ್ಲಿ ಎದ್ದಿತು. ಇಂಥ ಕೇಂದ್ರ ಹೇಗಿರಬೇಕು, ಒಳಗಿದ್ದವರನ್ನು ಹೇಗೆ ನೋಡಿಕೊಳ್ಳಬೇಕು ಎಂಬುದರ ಕರಡು ಇಂಗ್ಲಿಷಿನಲ್ಲಿ ತಯಾರಾಗಿ ಜಿಲ್ಲೆಗಳಿಗೆ ಬಂತು. ಕನ್ನಡಕ್ಕೆ ತನ್ನಿ, ಎರಡು ಕೇಂದ್ರಗಳಲ್ಲಿ ಮೂರು ತಿಂಗಳು ನಡೆಸಿ ನೋಡಿ, ಏನು ಹೊಂದಿತು ಏನು ಹೊಂದಲಿಲ್ಲ ಎಂದು ವರದಿ ಕಳಿಸಿ, ಆಮೇಲೆ ವಿಧಾನಸಭೆಯ ಮುಂದಿಡುತ್ತೇವೆ ಎಂದು ಮೇಲಿನ ಪತ್ರ. ನಾನಾಗ ಹಾವೇರಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಎಲ್ಲರೂ ನನ್ನನ್ನು ಪಂಡಿತರು ಎನ್ನುತ್ತಿದ್ದರು. ಅದರಲ್ಲಿ ಅರ್ಧ ಗೌರವ, ಅರ್ಧ ಚೇಷ್ಟೆ. ಯಾರ ಟಿಪ್ಪಣಿಯಲ್ಲಿ ಮಹಾಪ್ರಾಣ ತಪ್ಪಿದರೂ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುವ ಚಟ ನನಗಿತ್ತು. ಮೇಲಧಿಕಾರಿ ಡಾಕ್ಟರ್ ವಿಮಲಾ ಎಂಬವರು ಮೈಸೂರಿನ ಕಡೆಯವರು, ಮಾತು ಮೃದು, ನಡಿಗೆ ಬಿರುಸು. ಕರಡನ್ನು ತಂದು ನನ್ನ ಮೇಜಿನ ಮೇಲಿಟ್ಟು, "ಪಂಡಿತರೇ, ಅಕ್ಷರ ಕೂಡಿಸಿ ಓದೋರಿಗೂ ಅರ್ಥ ಆಗಬೇಕು. ಸರ್ಕಾರಿ ಕನ್ನಡ ಬೇಡ" ಎಂದರು.

ಹದಿನೈದು ದಿನ ಅದರ ಮುಂದೆ ಕೂತೆ. ಇಷ್ಟು ಸಂತೋಷದಿಂದ ಕಚೇರಿಯ ಕೆಲಸ ನಾನು ಹಿಂದೆ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ. ಎರಡು ಮಂಚಗಳ ನಡುವೆ ಒಬ್ಬ ಮನುಷ್ಯ ಅಡ್ಡಾಡುವಷ್ಟು ಜಾಗ ಇರಬೇಕು. ಪಾಯಖಾನೆಗೆ ಒಳಗಿನಿಂದ ಚಿಲಕ ಇರಬೇಕು. ಸರಪಳಿ, ಹಗ್ಗ, ಹೊಡೆತ ಕೂಡದು. ವಾರಕ್ಕೆರಡು ಸಲ ಡಾಕ್ಟರು ಬರಬೇಕು. ಒಂದೊಂದು ವಾಕ್ಯ ಬರೆದಾಗಲೂ ಯಾರಿಗೋ ಒಂದು ಬಾಗಿಲು ತೆರೆದುಕೊಟ್ಟೆನೆಂಬ ಹಿಗ್ಗು. ಬಿಡುಗಡೆಯ ಕಲಮಿಗೆ ಬಂದಾಗ ತಡೆಯಿತು. ತಾನಾಗಿ ಬಂದು ಸೇರಿದವನು ಒಂದು ತಿಂಗಳಾದ ಮೇಲೆ ಹೋಗುತ್ತೇನೆ ಎಂದರೆ ಬಿಡಬೇಕು. ಆದರೆ ನಿಶ್ಶಕ್ತಿಯಲ್ಲಿರುವವನು ಒಬ್ಬನೇ ಹೊರಟು ಬಸ್ ಸ್ಟ್ಯಾಂಡಿನಲ್ಲಿ ಬೀಳಬಾರದೆಂದು, ಅವನ ಕಡೆಯವರೊಬ್ಬರು ಬಂದು ಸಹಿ ಮಾಡಿ ಕರೆದುಕೊಂಡು ಹೋಗಬೇಕು. ಈ "ಕಡೆಯವರು" ಎಂಬುದಕ್ಕೆ ಮೊದಲು "ಕುಟುಂಬದ ಸದಸ್ಯರು" ಎಂದು ಬರೆದಿದ್ದೆ.

"ರೇಷನ್ ಕಾರ್ಡ್ ಓದಿದ ಹಾಗಿದೆ" ಎಂದರು ಡಾಕ್ಟರು.

"ಬರೇ ಕುಟುಂಬ ಅಂತ ಬರೀಲಿಕ್ಕೆ ಬರಂಗಿಲ್ರಿ ಮೇಡಂ. ನಮ್ಮ ಕಡೆ ಹಿರೇರಿಗೆ ಕುಟುಂಬ ಅಂದ್ರ ಹೆಂಡ್ತಿ. ಅಪ್ಪ, ಅಣ್ಣ ಬಂದ್ರ ನಡ್ಯಾಂಗಿಲ್ಲ ಅಂತ ತಿಳ್ಕೊಂಡಾರು" ಎಂದು ನನ್ನ ಪಾಂಡಿತ್ಯ ಬಿಚ್ಚಿದೆ. ಒಂದು ರಾತ್ರಿ ಯೋಚಿಸಿ ಮರುದಿನ "ಮನೆಯವರು" ಎಂದು ಹಾಕಿದೆ. ಅಚ್ಚಗನ್ನಡ, ಎಲ್ಲರಿಗೂ ಗೊತ್ತಿರುವ ಮಾತು. ಡಾಕ್ಟರು ಚಪ್ಪಾಳೆ ತಟ್ಟಿದರು. "ಒಂದು ತಿಂಗಳ ನಂತರ ಮನೆಯವರು ಸಹಿ ಮಾಡಿದಲ್ಲಿ ಬಿಡಲಾಗುವುದು" ಎಂದು ನಮೂನೆ ಅಚ್ಚಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಚ್ಚಾದ ಮಾತಿನ ಬಗ್ಗೆ ಹಿರಿಯರು ಏನೂ ಹೇಳಿ ಹೋಗಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ನಮೂನೆಗಳ ಕಟ್ಟು ಹಿಡಿದುಕೊಂಡು ಡಾಕ್ಟರೂ ನಾನೂ ರಾಣೆಬೆನ್ನೂರಿನ ಆ ಗೋದಾಮಿಗೆ ಹೋದೆವು. ಜಿಟಿಜಿಟಿ ಮಳೆ. ತೊಲೆಗಳ ಸಂದಿಯಲ್ಲಿ ಹಳೆಯ ಹತ್ತಿಯ ಎಳೆಗಳು ಇನ್ನೂ ಜೋತಾಡುತ್ತಿದ್ದವು. ಇಪ್ಪತ್ತು ಮಂದಿ, ಹನ್ನೆರಡು ಮಂಚ. ನೆಲಕ್ಕೆ ಫಿನಾಯಿಲ್, ಮೂಲೆಯಲ್ಲಿ ಮಜ್ಜಿಗೆಯ ಕೊಡ; ನಡುಗುವವರಿಗೆ ತಾಸಿಗೊಮ್ಮೆ ಉಪ್ಪು ಹಾಕಿದ ಮಜ್ಜಿಗೆ ಕುಡಿಸುವುದೇ ಅಲ್ಲಿನ ಮುಖ್ಯ ಔಷಧ. ನಡೆಸುತ್ತಿದ್ದವನು ಮಾಲತೇಶಪ್ಪ. ಅವನೂ ಒಂದು ಕಾಲಕ್ಕೆ ಕುಡಿದು ಗಟಾರದಲ್ಲಿ ಮಲಗಿದವನೇ, ಬಿಟ್ಟು ಎಂಟು ವರ್ಷವಾಗಿತ್ತು. ಕಳ್ಳನಲ್ಲ, ಕಟುಕನೂ ಅಲ್ಲ. ತಿಳಿಯದೆ ಮಾಡುವವನು. ಗೂಟಕ್ಕೆ ನೇತಾಡುತ್ತಿದ್ದ ಸರಪಳಿಯನ್ನು ಕಂಡು ಡಾಕ್ಟರು ಮುಖ ಕೆಂಪು ಮಾಡಿದಾಗ, "ಹುಳಾ ಕಾಣ್ತಾವಂತ ಗ್ವಾಡಿಗೆ ತಲಿ ಹೊಡಕೊಂತಾರ್ರಿ ಮೇಡಂ, ಏನ್ ಮಾಡ್ಲಿ?" ಎಂದು ನಿಜವಾಗಿಯೂ ಕೇಳಿದ. ಡಾಕ್ಟರು ಏನು ಮಾಡಬೇಕೆಂದು ಕೂತು ಹೇಳಿಕೊಟ್ಟರು, ಮಾತ್ರೆ ಬರೆದುಕೊಟ್ಟರು. ಅವನು ಸರಪಳಿ ಬಿಚ್ಚಿ ಗುಜರಿಗೆ ಹಾಕುತ್ತೇನೆಂದ, ಹಾಕಿಯೂ ಹಾಕಿದ. "ಇನ್ನ ಮ್ಯಾಲ ನೀವು ಬರದಂಗ, ನೀವು ಹೇಳಿದಂಗ. ಒಂದ ಅಕ್ಷರ ಆಕಡೆ ಈಕಡೆ ಆಗಂಗಿಲ್ಲ" ಎಂದು ನಮೂನೆಯನ್ನು ಕಣ್ಣಿಗೊತ್ತಿಕೊಂಡ.

ಹೊಸ ನಮೂನೆಯಲ್ಲಿ ಅದೇ ದಿನ ಮೊದಲು ಸೇರಿದವನು ಕುಪ್ಪೇಲೂರಿನ ದರ್ಜಿ. ಹನುಮಂತಪ್ಪ ಎಂದಿಟ್ಟುಕೊಳ್ಳಿ, ಈ ಗಂಡ ಹೆಂಡಿರ ಹೆಸರುಗಳನ್ನು ನಾನು ಬದಲಿಸಿದ್ದೇನೆ. ನಲವತ್ತರ ಆಸುಪಾಸು, ತೆಳ್ಳನೆಯ ಆಳು. ಯಾರೂ ಎಳೆದುಕೊಂಡು ಬಂದಿರಲಿಲ್ಲ. ಬರುವ ದಾರಿಯಲ್ಲಿ ಕದರಮಂಡಲಗಿಗೆ ಹೋಗಿ ಹಣಮಪ್ಪ ದೇವರ ಮುಂದೆ ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿ, ಹಣೆಗೆ ಸಿಂಧೂರ ಹಚ್ಚಿಕೊಂಡು ನೇರ ಬಂದಿದ್ದ. ಕೈ ಮಾತ್ರ ಮರದೆಲೆಯ ಹಾಗೆ ಅಲುಗುತ್ತಿದ್ದವು.

"ಸೂಜಿಗೆ ದಾರ ಪೋಣಿಸಾಕ ಬರವಲ್ದ್ರಿ ಸಾಹೇಬ್ರ. ಕುಡದ್ರ ನಿಂದರ್ತಿದ್ದು. ಈಗ ಕುಡದ್ರೂ ನಿಂದ್ರವಲ್ವು" ಎಂದ. ನಮೂನೆ ಓದಿ ಹೇಳಿದೆ. "ಮನಿಯವರು ಅಂದ್ರ ನಮ್ಮಾಕಿ ಬಂದ್ರ ನಡೀತೈತಿಲ್ರಿ?" ಎಂದು ಕೇಳಿದ. "ಆಕೀನ ಬರ್ಬೇಕು. ತಿಂಗಳಾಗಿಂದ ಬಂದು ಸಹಿ ಹಾಕಿದ್ರ ಮುಗೀತು, ಆರಾಮ ಮನಿಗೆ ಹೋಗು" ಎಂದೆ. "ಹಂಗಾರ ಪಂಚಮಿಗೆ ಉಂಡಿ ತಿನ್ನಾಕ ಮನ್ಯಾಗ ಇರ್ತೇನಿ" ಎಂದು ನಕ್ಕ.

ಹೆಂಡತಿ ಶಾಂತವ್ವ ಹೊರಗೆ ಕಟ್ಟೆಯ ಮೇಲೆ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಮೂನೆಯ ಒಂದು ಪ್ರತಿ ಅವಳ ಕೈಗೂ ಕೊಟ್ಟಿದ್ದೆವು. ಬೆರಳಿಟ್ಟು ಎರಡು ಸಲ ಓದಿದಳು. ನಾನು ಜೀಪು ಹತ್ತುವಾಗ ಎದ್ದು ಬಂದು, "ಸಾಹೇಬ್ರ, ಮನಿಯವರು ಸಹಿ ಮಾಡೂತನಕ ಬಿಡಂಗಿಲ್ಲೇನ್ರಿ?" ಎಂದಳು. ಮಳೆ ಜೋರಾಗಿತ್ತು, ಡಾಕ್ಟರು ಒಳಗೆ ಕೂತು ಗಡಿಯಾರ ನೋಡುತ್ತಿದ್ದರು. "ಇಲ್ಲವ್ವ, ಮನಿಯವರು ಸಹಿ ಮಾಡ್ಬೇಕು. ಮಾಡಿದ್ರಷ್ಟ ಬಿಡೂದು" ಎಂದು ಹೇಳಿ ಬಾಗಿಲು ಹಾಕಿಕೊಂಡೆ.

ಪಂಚಮಿ ಬಂತು. ಆ ಹೊತ್ತಿಗೆ ಹನುಮಂತಪ್ಪ ಕೇಂದ್ರದ ಹರಿದ ತಲೆದಿಂಬುಗಳನ್ನೆಲ್ಲ ಕೈಯಲ್ಲೇ ಹೊಲಿದು ಮುಗಿಸಿದ್ದ. ತಿಂಗಳಾದ ದಿನ ಬೆಳಿಗ್ಗೆ ಮಿಂದು, ಚೀಲ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತನಂತೆ. ಸಂಜೆಯವರೆಗೆ ಯಾರೂ ಬರಲಿಲ್ಲ. ಮರುದಿನ ಮಾಲತೇಶಪ್ಪ ಕುಪ್ಪೇಲೂರು ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದ: ಮನೆಯವರ ಸಹಿ ಬೇಕಾಗಿದೆ ಅಂತ ಶಾಂತವ್ವಗೆ ತಿಳಿಸು. ಬಸ್ಸು ತಿರುಗಿ ಬಂದಾಗ ಕಂಡಕ್ಟರ ತಂದ ಉತ್ತರ ಇಷ್ಟೇ: "ಅವರು ಯಾವಾಗ ಹಾಕ್ತಾರೋ ಹಾಕ್ಲಿ, ನಂದೇನೈತಿ."

ನಾನು ಅಲ್ಲಿಗೆ ಹೋದದ್ದು ಅದಾಗಿ ಹತ್ತು ದಿನಕ್ಕೆ. ಹನುಮಂತಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ನನ್ನನ್ನು ಕಂಡು ಎದ್ದು ಕೂತು ಎರಡೂ ಕೈಗಳನ್ನು ಮುಂದೆ ಚಾಚಿದ. ಒಂದು ಬೆರಳೂ ಅಲುಗಲಿಲ್ಲ.

"ನಿಂತಾವು ನೋಡ್ರಿ. ನಿಂತ ಕೈ ತಗೊಂಡು ನಾ ಏನ್ ಮಾಡ್ಲಿ? ನಂದೇನೈತಿ ಅಂದಳಂತ ಆಕಿ."

"ನೀ ಹ್ವಾದ ಮ್ಯಾಲ ಕೂತು ಮಾತಾಡಿದ್ರಾತು. ಮಾಲತೇಶಪ್ಪ, ಇವನ್ನ ಬಿಟ್ಟುಬಿಡಪಾ" ಎಂದೆ.

ಮಾಲತೇಶಪ್ಪ ನಮೂನೆ ತಂದು ಬೆರಳಿಟ್ಟು ತೋರಿಸಿದ. "ಮನೆಯವರು ಸಹಿ ಮಾಡಿದಲ್ಲಿ ಅಂತ ನೀವ ಬರದೀರಿ. ಮದ್ಲಿನ ಹಂಗಿದ್ರ ಪಂಚಮಿಗೇ ಬಸ್ ಹತ್ತಿಸಿ ಕಳಸ್ತಿದ್ದೆ. ನಾಳೆ ಅಂವಗ ದಾರ್‍ಯಾಗ ಏನರ ಆದ್ರ ನೀವ ನನ್ನ ಹಿಡೀತೀರಿ, ಹೌದಲ್ಲೋ?" ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಅವನು ಹೇಳಿದ್ದು ಸರಿಯಾಗಿಯೂ ಇತ್ತು. ಡಾಕ್ಟರು ತರಬೇತಿಗೆಂದು ಬೆಂಗಳೂರಿಗೆ ಹೋಗಿದ್ದರು. ನಾನು ಗುಮಾಸ್ತ, ಕಲಮು ಬರೆಯಬಲ್ಲೆ, ಮುರಿಯಲಾರೆ. ಹಾವೇರಿಗೆ ಬಂದು ಕಚೇರಿಯ ಮೊಹರು ಹಾಕಿ ಶಾಂತವ್ವನಿಗೊಂದು ಕಾರ್ಡು ಬರೆದೆ: "ಮನೆಯವರ ಸಹಿ ಬಾಕಿ ಇರುವುದರಿಂದ ಬಿಡುಗಡೆ ನಿಂತಿದೆ. ದಯವಿಟ್ಟು ಗಮನಿಸುವುದು." ಉತ್ತರ ಬರಲಿಲ್ಲ. ಎಂಥ ಕಲ್ಲೆದೆಯ ಹೆಂಗಸು ಎಂದು ಮನೆಯಲ್ಲಿ ಊಟಕ್ಕೆ ಕೂತಾಗ ಬೈದೆ. ನನ್ನ ಹೆಂಡತಿ ಸಾರು ಬಡಿಸುತ್ತ, ಆಕೆಯ ಕಷ್ಟ ಆಕೆಗೆ ಎಂದಷ್ಟೇ ಅಂದಳು.

ಹನುಮಂತಪ್ಪ ಅನ್ನ ಬಿಟ್ಟಿದ್ದಾನೆಂದು ಮಾಲತೇಶಪ್ಪನ ಫೋನು ಬಂತು. ಮಜ್ಜಿಗೆ ಅಷ್ಟೇ ಕುಡಿಯುತ್ತಾನೆ, ಮಾತಿಲ್ಲ ಎಂದ. ನಾಲ್ಕು ದಿನ ಬಿಟ್ಟು ಮತ್ತೊಂದು ಫೋನು: ರಾತ್ರಿ ಹಿತ್ತಿಲ ಗೋಡೆ ಹತ್ತಲು ಹೋಗಿ ಬಿದ್ದು ಮೊಣಕೈ ತರಚಿದೆ, ಎಲ್ಲಿಗೆ ಹೊರಟಿದ್ದೆ ಎಂದರೆ ಎಲ್ಲಾದರೂ ಸರಿ, ಊರಿಗಂತೂ ಅಲ್ಲ ಎನ್ನುತ್ತಾನೆ. ನನಗೆ ಭಯ ಹತ್ತಿತು. ಕುಡಿತ ಬಿಟ್ಟ ಮನುಷ್ಯನಿಗೆ ಹಿಡಿದುಕೊಳ್ಳಲು ಒಂದು ಕೊಂಬೆ ಬೇಕು ಎಂದು ಡಾಕ್ಟರು ಹೇಳುತ್ತಿದ್ದರು. ಇವನ ಕೊಂಬೆ ಮುರಿದಿತ್ತು, ಮುರಿದವಳು ಹೆಂಡತಿ ಎಂದೇ ನಾನು ನಂಬಿದ್ದೆ.

ಗಣಪತಿ ಹಬ್ಬದ ಹಿಂದಿನ ವಾರ ಬ್ಯಾಡಗಿಗೆ ಹೋಗುವ ಕೆಲಸ ಬಿತ್ತು. ಪ್ರಯೋಗದ ಎರಡನೆಯ ಕೇಂದ್ರ ಅಲ್ಲಿತ್ತು. ಬ್ಯಾಡಗಿಯ ಗಾಳಿ ನಿಮಗೆ ಗೊತ್ತಿರಬೇಕು. ಬಸ್ಸಿನಿಂದ ಇಳಿಯುವ ಮೊದಲೇ ಸೀನು ಬರುತ್ತದೆ. ಕೇಂದ್ರದ ಪಕ್ಕದಲ್ಲಿ ಒಂದು ತಗಡಿನ ಶೆಡ್ಡು, ಒಳಗೆ ಐವತ್ತು ಅರವತ್ತು ಹೆಂಗಸರು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೆಂಪು ರಾಶಿಯ ಸುತ್ತ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ನಾನು ಕರವಸ್ತ್ರ ಮುಖಕ್ಕೊತ್ತಿಕೊಂಡು ದಾಟುವಾಗ ಒಬ್ಬಳು ಮುಖದ ಬಟ್ಟೆ ಕೆಳಗಿಳಿಸಿ ಎದ್ದು ನಿಂತಳು. ಶಾಂತವ್ವ. ಊರಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳಂತೆ. ಇಷ್ಟು ದಿನ ಕಟ್ಟಿಟ್ಟುಕೊಂಡಿದ್ದ ಸಿಟ್ಟನ್ನೆಲ್ಲ ಅವಳ ಮೇಲೆ ಸುರಿಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಕೇಳಿದಳು.

"ಸಾಹೇಬ್ರ, ನಮ್ಮನಿಯವರು ಇನ್ನೂ ಸಹಿ ಹಾಕಿಲ್ಲೇನ್ರಿ?"

ನಮ್ಮನಿಯವರು. ನನ್ನ ಹೆಂಡತಿ ಹಾಲಿನವನಿಗೆ, ನೆರೆಯವರಿಗೆ, ಪೋಸ್ಟ್‌ಮನ್ನಿಗೆ ದಿನಕ್ಕೆ ಹತ್ತು ಸಲ ನನ್ನನ್ನು ಕರೆಯುವುದೇ ಹಾಗೆ. ಗಂಡನ ಹೆಸರು ಹೇಳದ ಹೆಂಗಸರ ಬಾಯಲ್ಲಿ ಮನೆಯವರು ಎಂದರೆ ಗಂಡ, ಬೇರೆ ಯಾರೂ ಅಲ್ಲ. ಕುಟುಂಬ ಎಂದರೆ ಹೆಂಡತಿ ಎಂದು ತಿಳಿದಾರು ಎಂಬ ಹೆದರಿಕೆಯಿಂದ ಅದನ್ನು ಬಿಟ್ಟ ಪಂಡಿತನಿಗೆ, ಇಪ್ಪತ್ತು ವರ್ಷ ಮನೆಯಲ್ಲಿ ಕೇಳಿದ ಮಾತು ತಲೆಗೆ ಹೊಳೆದಿರಲಿಲ್ಲ. ಗಂಡ ಸಹಿ ಹಾಕಿದರೆ ಬಿಡುತ್ತಾರೆ, ಅವನು ಹಾಕುತ್ತಿಲ್ಲ, ತಾನಾಗಿಯೇ ಒಳಗೆ ಉಳಿದಿದ್ದಾನೆ ಎಂದು ಇವಳು ಇಲ್ಲಿ. ಹೆಂಡತಿ ಸಹಿ ಹಾಕಲು ಒಲ್ಲೆ ಎಂದಳೆಂದು ಅವನು ಅಲ್ಲಿ ಗೋಡೆಗೆ ಮುಖ ಮಾಡಿಕೊಂಡು. ಜೊತೆಗೆ ನಾನು, ಮೊಹರು ಬೇರೆ ಹಾಕಿ, ಅದೇ ಮಾತನ್ನು ಕಾರ್ಡಿನಲ್ಲಿ ಮತ್ತೆ ಬರೆದು ಕಳಿಸಿದ್ದೆ.

ಅಲ್ಲೇ, ಅಷ್ಟೂ ಹೆಂಗಸರ ಮುಂದೆ ಬಿಡಿಸಿ ಹೇಳಿದೆ. ಗದ್ದಲ ಎದ್ದಿತು. "ಹೌದಲ್ಲವ್ವ, ನಾನರ ಹಂಗ ತಿಳೀತಿದ್ದೆ" ಎಂದು ಒಬ್ಬಳೆಂದರೆ, "ಇವರು ಓದಿದ್ದು ಸುಡ್ಲಿ" ಎಂದು ಮತ್ತೊಬ್ಬಳು. ಒಬ್ಬ ಮುದುಕಿ ನಕ್ಕೂ ಕೆಮ್ಮಿಯೂ ಸುಸ್ತಾದಳು. "ಏಳ, ಲಗೂನ ಹೋಗ, ಪಾಪ ಅಂವಾ" ಎಂದು ಎಲ್ಲರೂ ಶಾಂತವ್ವನನ್ನು ದಬ್ಬಿದರು. ಅವಳು ನಗಲೂ ಇಲ್ಲ, ಅಳಲೂ ಇಲ್ಲ. ನಳಕ್ಕೆ ಹೋಗಿ ಕೈ ತೊಳೆಯತೊಡಗಿದಳು. ಖಾರದ ಕೈ, ಎಷ್ಟು ತೊಳೆದರೂ ಹೋಗುವುದಿಲ್ಲ, ಆದರೂ ಬಹಳ ಹೊತ್ತು ತೊಳೆದಳು. ನನಗೆ ಆತುರ. ಬಸ್ಸು ತಪ್ಪುತ್ತದೆ ಎಂದು ಎರಡು ಸಲ ಕೂಗಿದೆ.

ಮೋಟೆಬೆನ್ನೂರು ದಾಟಿ ರಾಣೆಬೆನ್ನೂರು ಬರುವವರೆಗೂ ಅವಳು ಕಿಟಕಿಯ ಹೊರಗೇ ನೋಡುತ್ತಿದ್ದಳು. ನಾನು ಒಂದೇ ಸಮ ತಪ್ಪಾಯಿತು ತಪ್ಪಾಯಿತು ಎನ್ನುತ್ತಿದ್ದೆ. "ಇರ್ಲಿ ಬಿಡ್ರಿ" ಎಂದಳು, ಅಷ್ಟೇ. ಗೋದಾಮಿನಲ್ಲಿ ನಮೂನೆಯ ಮೇಲೆ ದುಂಡಗೆ ಸಹಿ ಮಾಡಿದಳು. ಹನುಮಂತಪ್ಪ ಬಂದು ದೂರದಲ್ಲೇ ನಿಂತ. ಎರಡು ತಿಂಗಳ ಗಡ್ಡ, ಒಳಸೇರಿದ ಕಣ್ಣು. ನಾನು ನಡುವೆ ಹೋಗಿ, ಇದರಲ್ಲಿ ಆಕೆಯದೇನೂ ಇಲ್ಲ, ಅಪರಾಧ ನನ್ನ ಕನ್ನಡದ್ದು ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

"ಹಂಗಾರ ನೀ ಒಲ್ಲೆ ಅಂದಿರಲಿಲ್ಲ?" ಎಂದ ಅವಳಿಗೆ.

ಅವಳು ತಲೆ ಅಲ್ಲಾಡಿಸಿದಳು.

ಆ ಮನುಷ್ಯ ಕುಕ್ಕರಿಸಿ ಕೂತು ಅತ್ತ. ಅಷ್ಟು ದೊಡ್ಡ ದನಿಯಲ್ಲಿ ಗಂಡಸರು ಅತ್ತದ್ದನ್ನು ನಾನು ನೋಡಿರಲಿಲ್ಲ. ಒಳಗಿನ ಇಪ್ಪತ್ತು ಮಂದಿ ಬಾಗಿಲಿಗೆ ಬಂದು ನಿಂತರು. ಮಾಲತೇಶಪ್ಪ ನಗಬೇಕೋ ಅಳಬೇಕೋ ತಿಳಿಯದೆ ಎಲ್ಲರಿಗೂ ಮಜ್ಜಿಗೆ ಕೊಟ್ಟ. ಇಬ್ಬರನ್ನೂ ಕುಪ್ಪೇಲೂರು ಬಸ್ಸಿಗೆ ಹತ್ತಿಸಿ ನಾನು ಹಾವೇರಿಗೆ ಮರಳಿದೆ. ಆ ವಾರವೆಲ್ಲ ನನಗೆ ಊಟ ಸೇರಲಿಲ್ಲ. ಒಬ್ಬ ಮನುಷ್ಯನ ಒಂದು ತಿಂಗಳನ್ನು ನಾನು ತಿಂದಿದ್ದೆ. ಅವನು ಆ ಗೋಡೆಯಿಂದ ತಲೆಕೆಳಗಾಗಿ ಬಿದ್ದಿದ್ದರೆ ಜೀವವನ್ನೂ ತಿನ್ನುತ್ತಿದ್ದೆ.

ಡಾಕ್ಟರು ತರಬೇತಿ ಮುಗಿಸಿ ಬಂದ ಮೇಲೆ ಎಲ್ಲ ಹೇಳಿದೆ. ಅವರು ಹಣೆ ಹಿಡಿದುಕೊಂಡರು. ಆಮೇಲೆ ನಮ್ಮಿಬ್ಬರ ನಡುವೆ ವಾರಗಟ್ಟಲೆ ಜಟಾಪಟಿ ನಡೆಯಿತು. ಮಾತು ತಿದ್ದಿದರೆ ಸಾಕಾಗುವುದಿಲ್ಲ, ತಾನಾಗಿ ಬಂದವನು ತನ್ನದೇ ಸಹಿಯ ಮೇಲೆ ಹೋಗುವಂತಿರಬೇಕು ಎಂದು ನನ್ನ ವಾದ. "ಹಾಗೆ ಮಾಡಿದರೆ ಮೂರನೇ ದಿನ ನಡುಕ ಶುರುವಾದಾಗ ಎಲ್ಲರೂ ಸಹಿ ಹಾಕಿ ಹೋಗ್ತಾರೆ ಪಂಡಿತರೇ. ಆಮೇಲೆ ಮನೇಲಿರೋರ ಗತಿ?" ಎಂದು ಅವರು. ಮನೇಲಿರೋರ ಮಾತು ಯಾಕೆ, ಒಳಗಿರುವವನ ಮಾತಾಡಿ ಎಂದು ನಾನು ರೇಗಿದೆ. ಮೇಲಧಿಕಾರಿಯ ಮೇಲೆ ಗುಮಾಸ್ತ ರೇಗುವುದು ಕಡಿಮೆ, ಅವರು ದೊಡ್ಡ ಮನಸ್ಸಿನಿಂದ ಸಹಿಸಿದರು. ಕೊನೆಗೆ, ಬಿಡುಗಡೆ ತಡವಾದ ಪ್ರಕರಣಕ್ಕೆ ಕಾರಣ ಬರೆಯಬೇಕಾಗುತ್ತದೆ, ಆ ದಂಪತಿಗಳ ಹೇಳಿಕೆ ತೆಗೆದುಕೊಂಡು ಬನ್ನಿ ಎಂದು ನನ್ನನ್ನು ಕುಪ್ಪೇಲೂರಿಗೆ ಕಳಿಸಿದರು.

ಸೀಗಿಹುಣ್ಣಿಮೆ ಹತ್ತಿರವಿತ್ತು. ಊರಿನ ನಡುವೆ ಪಡಸಾಲೆಯಲ್ಲಿ ಮಿಷಿನ್ ಹಾಕಿಕೊಂಡು ಹನುಮಂತಪ್ಪ ಹೊಲಿಯುತ್ತಿದ್ದ. ಗಡ್ಡ ಹೋಗಿತ್ತು, ಮುಖ ತುಂಬಿತ್ತು. ನನ್ನನ್ನು ಕಂಡದ್ದೇ, "ಬರ್ರಿ ಬರ್ರಿ ಪಂಡಿತರ, ಕುಂದ್ರಿ! ಇವರ ನೋಡ್ರಿ, ಇವರ ಒಂದ ಮಾತಿಗೆ ನಾ ಎರಡು ತಿಂಗಳ ವನವಾಸ ಮಾಡೀನಿ" ಎಂದು ಕೂತಿದ್ದವರಿಗೆಲ್ಲ ತೋರಿಸಿದ. ಕತೆ ಊರಿಗೆಲ್ಲ ಬಾಯಿಪಾಠವಾಗಿತ್ತು. ಸಣ್ಣವರು ದೊಡ್ಡವರು ಎಲ್ಲ ನಕ್ಕರು. ನಾನೂ ಹಲ್ಲು ಕಿರಿದೆ, ಒಳಗೆ ಉರಿಯುತ್ತಿತ್ತು. ಹೇಳಿಕೆ ಬರೆದುಕೊಳ್ಳುವಾಗ ಅವನು ಮಿಷಿನ್ ನಿಲ್ಲಿಸಿ ದನಿ ತಗ್ಗಿಸಿದ.

"ಖರೇ ಹೇಳ್ತೇನ್ರಿ. ಈಗೂ ಸಂಜಿಗೆ ಕುಡೀಬೇಕು ಅನಸ್ತೈತಿ. ಆದ್ರ ಆಕಿ ನನ್ನ ಬ್ಯಾಡ ಅಂದಿರಲಿಲ್ಲ ಅನ್ನೂದ ನೆನಪ ಮಾಡ್ಕೊಂತೇನಿ. ಅಷ್ಟಕ್ಕ ನಿಂತೇನಿ."

ಬರೆದುಕೊಂಡೆ. ಶಾಂತವ್ವ ಚಹಾ ತಂದಿಟ್ಟು ಒಳಗೆ ಹೋದಳು. ಅವಳ ಹೇಳಿಕೆ ಕೇಳಿದರೆ, ಅವರು ಹೇಳಿದ್ದೇ ನನ್ನದೂ ಎಂದಳು. ಹೊರಟಾಗ, ಸಾಹೇಬರಿಗೆ ಬಸ್ಸು ನಿಲ್ಲುವ ಜಾಗ ತೋರಿಸಿ ಬರುತ್ತೇನೆಂದು ಗಂಡನಿಗೆ ಹೇಳಿ ನನ್ನ ಜೊತೆ ಬಂದಳು. ನಾಲ್ಕು ಹೆಜ್ಜೆಯ ದಾರಿ, ತೋರಿಸುವಂಥದ್ದೇನೂ ಇರಲಿಲ್ಲ. ಬೇವಿನ ಮರದ ಕೆಳಗೆ ನಿಂತೆವು. ನಾನು ಮತ್ತೆ, ನನ್ನಿಂದ ಹೀಗಾಯಿತಲ್ಲ ಎಂದು ಶುರುಮಾಡಿದೆ.

"ಸಾಕ್ರಿ ಸಾಹೇಬ್ರ" ಎಂದಳು. "ನಾ ಏಳನೇತ್ತಾ ಪಾಸಾಗೇನಿ. ಆ ಕಾಗದದಾಗ ಮನೆಯವರು ಅಂದ್ರ ನಾನ ಅಂತ ನನಗ ಅವತ್ತ ಗೊತ್ತಿತ್ತು."

"ಮತ್ತ ಅವತ್ತ ಜೀಪಿನ ಹತ್ರ ನನ್ನ ಕೇಳಿದ್ದು?" ಎಂದೆ.

"ನಿಮ್ಮನ್ನ ಕೇಳಿದ್ದು ಗೊತ್ತಿಲ್ಲದ ಅಲ್ರಿ. ನೀವು ಬಿಡಿಸಿ ಹೇಳಿದ್ರ ತಿಂಗಳಿಗೆ ಹೋಗಿ ಹಾಕಬೇಕಾಗ್ತಿತ್ತು. ನೀವು ಹೇಳಲಿಲ್ಲ. ನಾನೂ ತಿಳೀದವರಂಗ ಇದ್ದುಬಿಟ್ಟೆ." ಅವಳು ಊರ ಕಡೆ ಒಮ್ಮೆ ನೋಡಿದಳು. "ಕುಡದಾಗ ಅವರು ಕತ್ರಿ ಹಿಡೀತಿದ್ರು. ಹೊಡದಿಲ್ಲ ಅಂತಲ್ಲ, ಹೊಡದಾರ. ಸಂಜಿ ಆತಂದ್ರ ಕತ್ರಿ ಎಲ್ಲಿ ಮುಚ್ಚಿಡ್ಲಿ ಅನ್ನೂದ ನನ್ನ ಕೆಲಸ. ಹನ್ನೆರಡು ವರ್ಷ. ಅವರು ಅಲ್ಲಿ ಸೇರಿದ ದಿನ ನಾ ಕತ್ರಿ ಮಿಷಿನ್ ಮ್ಯಾಲೆ ಬಿಟ್ಟು, ಅಗಳಿ ಹಾಕ್ಕೊಂಡು ಮಲಗಿದೆ. ಎಷ್ಟ ಚಲೋ ನಿದ್ದಿ ಬಂತಂತೀರಿ. ಪಂಚಮಿ ಬಂತು, ನಾಳೆ ಹೋದ್ರಾತು ಅಂದೆ. ಕಂಡಕ್ಟರ ಬಂದ, ನಿಮ್ಮ ಕಾರ್ಡ ಬಂತು. ನಾಳೆ, ನಾಡದು ಅಂದೆ. ಅವರು ಅನ್ನಾ ಬಿಟ್ಟಾರಂತ ನನಗ್ಯಾರೂ ಹೇಳಲಿಲ್ರಿ."

"ಈಗ?" ಎಂದೆ.

"ಈಗ ಕುಡ್ಯಾಂಗಿಲ್ಲ. ಚಲೋ ಅದಾರ. ಆದ್ರೂ ಸಂಜಿಗೆ ನನ್ನ ಕಣ್ಣು ಕತ್ರಿ ಮ್ಯಾಗ ಹೋಗ್ತೈತಿ." ಬಸ್ಸಿನ ಸದ್ದು ಕೇಳಿತು. ಅವಳು ಸೆರಗು ಸರಿಮಾಡಿಕೊಂಡು, ನೇರ ನನ್ನ ಮುಖ ನೋಡಿದಳು. "ಅವರಿಗೆ ಗೊತ್ತಾಗಬಾರದ್ರಿ. ಆ ತಪ್ಪು ನಿಮ್ಮ ಮ್ಯಾಲ ಇರ್ಲಿ."

ಹಾವೇರಿಯವರೆಗೂ ಬಸ್ಸಿನಲ್ಲಿ ನಿಂತೇ ಬಂದೆ. ಸೀಟು ಇತ್ತು, ಕೂರಬೇಕೆನಿಸಲಿಲ್ಲ. ಮಂಚದಿಂದ ಮಂಚಕ್ಕೆ ಎಷ್ಟು ಜಾಗ ಎಂದು ಬರೆದಿದ್ದೆವು, ಚಿಲಕ ಯಾವ ಬದಿಗೆ ಎಂದು ಬರೆದಿದ್ದೆವು. ಒಳಗಿದ್ದವನು ಹೊರಬಿದ್ದ ಸಂಜೆ ಆ ಮನೆಯಲ್ಲಿ ಇರುವವಳ ಬಗ್ಗೆ ನಮ್ಮ ಕರಡಿನಲ್ಲಿ ಒಂದು ಸಾಲಿರಲಿಲ್ಲ. ಡಾಕ್ಟರು ಅದನ್ನೇ ಕೇಳಿದಾಗ ನಾನು ರೇಗಿದ್ದೆ. ಕಾಯ್ದೆ ಮಾಡುವವರಿಗೆ ತಿಳಿಯಲೇಬೇಕಾದ ಸಂಗತಿ ಆ ಮೂರು ತಿಂಗಳಲ್ಲಿ ಅದೊಂದೇ ಇತ್ತು, ಅದನ್ನೇ ನಾನು ಬರೆಯುವಂತಿರಲಿಲ್ಲ. ಬರೆದರೆ ಕಾಗದ ಎಲ್ಲೆಲ್ಲಿ ಹೋದೀತು, ಯಾರ ಕಿವಿಗೆ ಬಿದ್ದೀತು? ಕುಪ್ಪೇಲೂರಿನ ಬಸ್ಸಿನಲ್ಲಿ ಏನೂ ಗುಟ್ಟಾಗಿ ಉಳಿಯುವುದಿಲ್ಲ.

ಮರುದಿನ ವರದಿ ಬರೆಯಲು ಕೂತೆ. ಡಾಕ್ಟರು ಹಿಂದೆ ಬಂದು ನಿಂತು, "ಬಿಡುಗಡೆ ತಡವಾದದ್ದಕ್ಕೆ ಕಾರಣ ಅನ್ನೋ ಕಡೆ, ಅಚ್ಚಿನ ಗೊಂದಲದಿಂದ ಅಂತ ಬರೆದುಬಿಡಿ. ನಿಮ್ಮ ಹೆಸರು ಯಾಕೆ ಬರಬೇಕು? ಸರ್ವಿಸ್ ಬುಕ್ಕಿಗೆ ಹೋಗುತ್ತೆ" ಎಂದರು. ಒಳ್ಳೆಯ ಹೆಂಗಸು. ಕರಡು ಎರಡು ವರ್ಷ ಟೇಬಲಿನಿಂದ ಟೇಬಲಿಗೆ ಅಲೆದು, ನಾನು ಆ ಕಚೇರಿ ಬಿಡುವಾಗಲೂ ಕಾಯ್ದೆಯಾಗಿರಲಿಲ್ಲ ಎಂಬುದು ಆಗ ನಮಗಿಬ್ಬರಿಗೂ ಗೊತ್ತಿರಲಿಲ್ಲ. "ಇರ್ಲಿ ಬಿಡ್ರಿ ಮೇಡಂ" ಎಂದೆ. ಅವರು ಹೋದ ಮೇಲೆ ಆ ಅಂಕಣದಲ್ಲಿ, ಮಹಾಪ್ರಾಣ ಅಲ್ಪಪ್ರಾಣ ಎಲ್ಲ ನೋಡಿಕೊಂಡು, ಭಾಷಾಂತರ ಮಾಡಿದವನ ತಪ್ಪಿನಿಂದ, ರೋಗಿಯ ಹೆಂಡತಿಯ ದೋಷವೇನೂ ಇಲ್ಲ, ಎಂದು ದುಂಡಗೆ ಬರೆದು ಕೆಳಗೆ ನನ್ನ ಸಹಿ ಹಾಕಿದೆ.